ಬೀಜಕ್ಕೆ ಉಳಿದ ಕಾಳು



ಮೇಯರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಹಾರ ತುರಾಯಿಗಳದು. ಊರಿಗೆ ಬಂದ ಗಣ್ಯರನ್ನು ಎದುರುಗೊಳ್ಳುವುದು, ಅಸ್ತಿಭಾರದ ಕಲ್ಲಿಗೆ ಕರಣೆ ಮುಟ್ಟಿಸುವುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಹಂಚಿ ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಎಂದು ನುಡಿಯುವುದು — ಇಷ್ಟರಲ್ಲಿ ಆ ಪದವಿಯ ಅವಧಿ ಮುಗಿದಿರುತ್ತದೆ. ಆದರೆ ಮಕ್ಕಳಿಗೆ ನಾಳೆಯೊಂದು ಇದ್ದೀತೇ ಎಂಬುದೇ ಪ್ರಶ್ನೆಯಾಗಿದ್ದ ನಗರವೊಂದಿತ್ತು. ಅಲ್ಲಿಯ ಮೇಯರುಗಳು ಜನರೊಡನೆ ಕೂಡಿ ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ಕುರಿತು ಇಂದು ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಎರಡನೆಯ ದೊಡ್ಡ ನಗರ ಮೆಡೆಲಿನ್. ಆಂಡಿಸ್ ಪರ್ವತಗಳ ನಡುವೆ, ಸುಮಾರು 1,500 ಮೀಟರ್ ಎತ್ತರದ ಕಣಿವೆಯಲ್ಲಿ ಅದು ಹರಡಿಕೊಂಡಿದೆ. ವರ್ಷವಿಡೀ ಹಿತವಾದ ಹವೆ. ‘ನಿತ್ಯವಸಂತದ ನಗರ’ ಎಂಬುದು ಅದರ ಹಳೆಯ ಬಿರುದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಟ್ಟೆಗಿರಣಿಗಳು ಅಲ್ಲಿ ಸಿರಿಯನ್ನು ತಂದವು. ಹಳ್ಳಿಗಾಡಿನ ರಾಜಕೀಯ ಹಿಂಸೆಗೆ ಅಂಜಿ ಓಡಿಬಂದವರು, ಕೂಲಿಯನ್ನರಸಿ ಬಂದವರು ಕಣಿವೆಯ ಎರಡೂ ಪಕ್ಕದ ಕಡಿದಾದ ಗುಡ್ಡಗಳ ಮೇಲೆ ಮನೆಯ ಮೇಲೆ ಮನೆ ಕಟ್ಟಿಕೊಂಡರು. ಕೆಳಗೆ ನಗರ, ಮೇಲೆ ಬಡವರ ಕೇರಿಗಳು. ಗಿರಣಿಗಳು ಸೊರಗಿದಾಗ ಆ ಕೇರಿಗಳ ಹುಡುಗರಿಗೆ ಕೆಲಸ ಕೊಡಲು ಬಂದದ್ದು ಕೊಕೇನಿನ ವ್ಯಾಪಾರ; ಪಾಬ್ಲೊ ಎಸ್ಕೊಬಾರ್ ಎಂಬವನ ಹೆಸರು ಲೋಕಕ್ಕೆಲ್ಲ ತಿಳಿದದ್ದೇ.

1991ನೆಯ ಒಂದೇ ವರ್ಷದಲ್ಲಿ ಆ ನಗರದಲ್ಲಿ 6,000ಕ್ಕೂ ಮಿಕ್ಕಿ ಕೊಲೆಗಳಾದವು. ಲಕ್ಷ ಜನಸಂಖ್ಯೆಗೆ ಸುಮಾರು 380 ಎಂಬುದು ಲೆಕ್ಕ. ಲಕ್ಷ ಜನರಿರುವ ನಮ್ಮದೊಂದು ಊರನ್ನು ಕಲ್ಪಿಸಿಕೊಂಡು, ಅಲ್ಲಿ ದಿನಕ್ಕೊಂದರಂತೆ ವರ್ಷವಿಡೀ ಹೆಣ ಬೀಳುತ್ತಿದ್ದರೆ ಹೇಗಿದ್ದೀತೆಂದು ಯೋಚಿಸಿ. ಕೊಂದವರೂ ಸತ್ತವರೂ ಬಹುಮಟ್ಟಿಗೆ ಮೀಸೆ ಮೂಡುವ ವಯಸ್ಸಿನ ಹುಡುಗರು.

1990ರಲ್ಲಿ ಅಲೊನ್ಸೊ ಸಲಸಾರ್ ಎಂಬ ಪತ್ರಕರ್ತ ಈ ಹುಡುಗರನ್ನು ಕುರಿತು ಒಂದು ಪುಸ್ತಕ ಬರೆದ. ಅವರ ಮಾತನ್ನೂ, ಅವರ ತಾಯಂದಿರ ಮಾತನ್ನೂ ಕೇಳಿ ಕಟ್ಟಿದ ಬರಹ ಅದು. ‘ನೊ ನಸೀಮೊಸ್ ಪಾ ಸೆಮಿಯ್ಯಾ’ ಎಂಬುದು ಹೆಸರು. ‘ನಾವು ಬೀಜಕ್ಕೆಂದು ಹುಟ್ಟಿದವರಲ್ಲ’ ಎಂದು ಅದರ ಅರ್ಥ. ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯಾದ ಮೇಲೆ ಉಣ್ಣುವ ಕಾಳು ಬೇರೆ, ಮುಂದಿನ ಬಿತ್ತನೆಗೆಂದು ಬೂದಿ ಬೆರೆಸಿ ತೆಗೆದಿಡುವ ಕಾಳು ಬೇರೆ. ಎಂಥ ಬರಗಾಲದಲ್ಲೂ ಬೀಜದ ಕಾಳಿಗೆ ಕೈಹಾಕಬಾರದೆಂಬುದು ಒಕ್ಕಲುತನದ ಧರ್ಮ. ಹದಿನಾರು ಹದಿನೆಂಟರ ಹುಡುಗರು ತಮ್ಮನ್ನು ತಾವೇ ‘ನಾವು ಉಣ್ಣುವ ಕಾಳು, ಬಿತ್ತುವ ಕಾಳಲ್ಲ’ ಎಂದು ಎಣಿಸಿಕೊಂಡಿದ್ದರೆಂದರೆ, ಆ ಊರು ಬೀಜಕ್ಕೆಂದು ಇಟ್ಟದ್ದನ್ನೇ ತಿಂದು ಬದುಕುತ್ತಿತ್ತೆಂದು ತಾನೆ ಅರ್ಥ?

ಇಲ್ಲಿ ಒಂದು ಸಂಗತಿಯನ್ನು ಮೊದಲೇ ಹೇಳಬೇಕು. ಮೆಡೆಲಿನ್ನನ್ನು ಒಬ್ಬ ಮೇಯರ್ ಬಂದು ಉದ್ಧರಿಸಿದನೆಂಬ ಕಥೆ ಪ್ರಚಾರದಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಅಧಿಕಾರದಲ್ಲಿದ್ದವರು ಎಚ್ಚೆತ್ತುಕೊಳ್ಳುವ ಮೊದಲೇ ಕೇರಿಯ ಹೆಂಗಸರು, ಪಾದ್ರಿಗಳು, ಮೇಷ್ಟರುಗಳು, ನಾಟಕದ ತಂಡದವರು ತಮ್ಮ ತಮ್ಮ ನೆಲೆಯಲ್ಲಿ ದೀಪ ಹಚ್ಚಿಕೊಂಡು ಕುಳಿತಿದ್ದರು. ಕೊಲೆಗಳು ತುತ್ತತುದಿಗೆ ಮುಟ್ಟಿದ ಅದೇ 1991ರಲ್ಲಿ, ‘ಪ್ರೊಮೆತೆಯೊ’ ಎಂಬ ಪತ್ರಿಕೆಯ ಕವಿಗಳು ಅಲ್ಲಿ ಒಂದು ಕಾವ್ಯೋತ್ಸವವನ್ನು ಆರಂಭಿಸಿದರು. ಸಂಜೆಯಾದರೆ ಬಾಗಿಲು ಭದ್ರಪಡಿಸಿಕೊಳ್ಳುತ್ತಿದ್ದ ಜನ ಕವಿತೆ ಕೇಳಲು ಬಯಲಿಗೆ ಬಂದರು. ಮುಂದೆ ಪ್ರಪಂಚದ ಎಲ್ಲೆಡೆಯ ಕವಿಗಳು ಅಲ್ಲಿಗೆ ಹೋಗಿ ಓದಿದ್ದಾರೆ. 2006ರಲ್ಲಿ ಆ ಉತ್ಸವಕ್ಕೆ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿಯೂ ಸಂದಿತು. 1996ರಲ್ಲಿ ಕೇರಿಗಳ ಮಕ್ಕಳಿಗಾಗಿ ನಗರಸಭೆ ಸಂಗೀತಶಾಲೆಗಳ ಜಾಲವೊಂದಕ್ಕೆ ಮಂಜೂರಾತಿ ಕೊಟ್ಟಿತು. ಪಾಲುಗಾರಿಕೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಎದುರಿಗೆ ಪಾಲುದಾರನೊಬ್ಬ ಇರಬೇಕಷ್ಟೆ. ಆ ಪಾಲುದಾರ ಮೆಡೆಲಿನ್ನಿನಲ್ಲಿ ಹೀಗೆ ಆಗಲೇ ಸಿದ್ಧನಾಗಿದ್ದ.

ಆದರೆ ದಂಡದ ಮಾರ್ಗವನ್ನೂ ಆ ನಗರ ಹಿಡಿದು ನೋಡಿತು. 2002ರ ಅಕ್ಟೋಬರಿನಲ್ಲಿ ಪಶ್ಚಿಮದ ಗುಡ್ಡದ ಮೇಲಿನ, ‘ಹದಿಮೂರನೆಯ ಕಮ್ಯೂನ್’ ಎಂದು ಕರೆಯುವ ವಿಭಾಗಕ್ಕೆ ಸೈನ್ಯ ನುಗ್ಗಿತು. ಮೇಲಿನಿಂದ ಹೆಲಿಕಾಪ್ಟರುಗಳು ಗುಂಡು ಸುರಿಸಿದವು. ದಂಗೆಕೋರರು ಹೋದರು, ಅವರ ಜಾಗಕ್ಕೆ ಇನ್ನೊಂದು ಬಣದ ಖಾಸಗಿ ಸೇನೆ ಬಂದು ಕುಳಿತಿತು. ಅನೇಕ ತರುಣರು ಕಾಣೆಯಾದರು. ಸಮೀಪದ ಕಟ್ಟಡಕಸದ ರಾಶಿಯ ಕೆಳಗೆ ತಮ್ಮ ಮಕ್ಕಳಿದ್ದಾರೆಂದು ತಾಯಂದಿರು ಎರಡು ದಶಕ ಕಾಲ ಕೂಗಿ ಹೇಳಿದರು. 2024ರ ಡಿಸೆಂಬರಿನಲ್ಲಿ ಆ ರಾಶಿಯನ್ನು ಅಗೆದಾಗ ಮಾನವ ಅವಶೇಷಗಳು ದೊರೆತವು. ಇದಕ್ಕೆ ನಾನು ವ್ಯಾಖ್ಯಾನ ಸೇರಿಸುವುದಿಲ್ಲ.

ಇಂಥ ನಗರಕ್ಕೆ 2004ರ ಜನವರಿಯಲ್ಲಿ ಸೆರ್ಹಿಯೊ ಫಹಾರ್ಡೊ ಮೇಯರಾದರು. ಕೊಲಂಬಿಯಾದಲ್ಲಿ 1988ರಿಂದ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಆಡಳಿತವೂ ಹಣಕಾಸೂ ಅವರ ಕೈಯಲ್ಲಿರುತ್ತವೆ. ಫಹಾರ್ಡೊ ಅವರ ಅವಧಿ ನಾಲ್ಕು ವರ್ಷ. ಅದು ಮುಗಿದೊಡನೆ ಮತ್ತೆ ಸ್ಪರ್ಧಿಸಲು ಅಲ್ಲಿಯ ಕಾನೂನಿನಲ್ಲಿ ಅವಕಾಶವಿಲ್ಲ. ಅವರು ಗಣಿತದ ಪ್ರಾಧ್ಯಾಪಕರು, ಯಾವ ಹಳೆಯ ಪಕ್ಷಕ್ಕೂ ಸೇರಿದವರಲ್ಲ. ಗೆಳೆಯರೊಡನೆ ಬೀದಿ ಬೀದಿ ನಡೆದು ಕರಪತ್ರ ಹಂಚಿ, 2000ದಲ್ಲಿ ಒಮ್ಮೆ ಸೋತು, 2003ರಲ್ಲಿ ಗೆದ್ದು ಬಂದವರು. ಬಡವರಿಗೆ ಕಟ್ಟುವುದು ಅಗ್ಗದ್ದಾಗಬಾರದು, ನಗರದ ಅತ್ಯಂತ ಸುಂದರವಾದ ಕಟ್ಟಡಗಳು ಅತ್ಯಂತ ಬಡ ಕೇರಿಗಳಲ್ಲೇ ಏಳಬೇಕು ಎಂಬುದು ಅವರ ನಿಲುವಾಗಿತ್ತು.

ಹೀಗೆ ಎದ್ದವು ಐದು ‘ಗ್ರಂಥಾಲಯ ಉದ್ಯಾನ’ಗಳು. ಇವುಗಳಲ್ಲೊಂದನ್ನು ಹಳೆಯ ಸೆರೆಮನೆಯೊಂದಿದ್ದ ಜಾಗದಲ್ಲಿ ಕಟ್ಟಿ, ಆ ಊರಿನವನೇ ಆದ ಕವಿ ಲೆಯೋನ್ ದೆ ಗ್ರೈಫ್‌ನ ಹೆಸರಿಟ್ಟರು. ಮತ್ತೊಂದಕ್ಕೆ ಕಾದಂಬರಿಕಾರ ತೊಮಾಸ್ ಕರ್ರಾಸ್ಕಿಯ್ಯಾನ ಹೆಸರು. ಸೆರೆಮನೆಯಿದ್ದಲ್ಲಿ ಪುಸ್ತಕದ ಮನೆ, ಅದಕ್ಕೆ ಮಂತ್ರಿಯ ಹೆಸರಲ್ಲ, ಕವಿಯ ಹೆಸರು! ಸಾಹಿತ್ಯವನ್ನು ಪ್ರೀತಿಸುವ ಯಾರಿಗಾದರೂ ಇದನ್ನು ಕೇಳಿ ಸ್ವಲ್ಪ ಅಸೂಯೆಯಾಗದಿರದು.

ಆದರೂ ಕಟ್ಟಡಗಳಿಗಿಂತ ಅವುಗಳ ಹಿಂದಿನ ಕ್ರಮವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಈಶಾನ್ಯದ ಗುಡ್ಡದ ಕೇರಿಗಳಿಗೆ 2004ರಲ್ಲಿ ತೂಗುಬಂಡಿಯ ಮಾರ್ಗ ತೆರೆಯಿತು. ಹಿಂದಿನ ಆಡಳಿತ ಕೈಗೊಂಡಿದ್ದ ಕೆಲಸ ಅದು. ಆ ಮಾರ್ಗದ ಸುತ್ತ ಏನೇನು ಆಗಬೇಕೆಂಬುದನ್ನು ಫಹಾರ್ಡೊ ಅವರ ಎಂಜಿನಿಯರುಗಳು ಕಚೇರಿಯಲ್ಲಿ ಕುಳಿತು ನಿರ್ಧರಿಸಲಿಲ್ಲ. ಕೇರಿಯವರೊಡನೆ ಓಣಿ ಓಣಿ ನಡೆದು ನೋಡಿದರು. ಸಭೆ ಕೂಡಿಸಿ, ತಮಗೆ ಬೇಕಾದುದನ್ನು ಅವರೇ ಹೇಳುವಂತೆ, ಚಿತ್ರ ಬರೆದು ತೋರಿಸುವಂತೆ ಮಾಡಿದರು. ಕಟ್ಟುವ ಕೂಲಿ ಕೆಲಸದಲ್ಲೂ ಸ್ಥಳೀಯರಿಗೆ ಪಾಲು ದೊರೆಯಿತು. ಆಂದಲುಸಿಯಾ, ಲಾ ಫ್ರಾನ್ಸಿಯಾ ಎಂಬ ಎರಡು ಕೇರಿಗಳ ನಡುವೆ ಆಳವಾದ ಕೊರಕಲೊಂದಿತ್ತು. ಆ ಕಡೆಯ ಗುಂಪಿಗೂ ಈ ಕಡೆಯ ಗುಂಪಿಗೂ ಹಗೆ; ಇಲ್ಲಿಯ ಹುಡುಗ ಅಲ್ಲಿಗೆ ಕಾಲಿಟ್ಟರೆ ಮರಳುವ ಭರವಸೆಯಿರಲಿಲ್ಲ. ಅಲ್ಲಿ ಒಂದು ಸೇತುವೆ ಕಟ್ಟಿದರು. ಸೇತುವೆಯ ಉಕ್ಕು ಕಾಂಕ್ರೀಟುಗಳಿಗೆ ಎಷ್ಟು ಬೆಲೆಯೋ, ಎರಡೂ ದಂಡೆಯ ಜನ ಅದು ಬೇಕೆಂದು ಒಪ್ಪಿದ ಆ ಒಪ್ಪಿಗೆಗೂ ಅಷ್ಟೇ ಬೆಲೆ.

ಎರಡನೆಯದು ಹಣದ ಮಾತು. 2004ರಲ್ಲಿ ಫಹಾರ್ಡೊ ಅವರು ನಗರದ ಆಯವ್ಯಯದ ಒಂದು ಪಾಲನ್ನು ಕೇರಿಗಳ ಸಭೆಗಳೇ ನಿರ್ಧರಿಸುವಂತೆ ಬಿಟ್ಟುಕೊಟ್ಟರು. ಮುಂದೆ ಅದನ್ನು ಶೇಕಡಾ 5 ಎಂದು ನಿಯಮ ಮಾಡಲಾಯಿತು. ಶೇಕಡಾ 5 ಎಂದರೆ ಅಲ್ಪವೆನಿಸಬಹುದು. ಆದರೆ ಆ ನಗರಕ್ಕೆ ವಿದ್ಯುತ್ತು ನೀರುಗಳನ್ನು ಒದಗಿಸುವ ಸಂಸ್ಥೆ ನಗರದ ಒಡೆತನದ್ದೇ. ಅದರ ಲಾಭದ ದೊಡ್ಡ ಪಾಲು ನಗರದ ಬೊಕ್ಕಸಕ್ಕೆ ಬರುತ್ತದೆ. ಆದುದರಿಂದ ಆ ಐದರಲ್ಲೂ ತಿರುಳಿತ್ತು. ಹಣವನ್ನು ಹೇಗೆ ವೆಚ್ಚಮಾಡಬೇಕೆಂದು ಕೇಳಿದಾಗ ಅನೇಕ ಕೇರಿಗಳು ತಮ್ಮ ಹುಡುಗ ಹುಡುಗಿಯರಿಗೆ ಕಾಲೇಜು ಓದಲು ವಿದ್ಯಾರ್ಥಿವೇತನ ಬೇಕೆಂದವು. 14 ತುಂಬಿದವರಿಗೂ ಈ ನಿರ್ಣಯದಲ್ಲಿ ಮತ ಹಾಕುವ ಹಕ್ಕು ಬಂದಿತು. ಹದಿನಾಲ್ಕರ ಹುಡುಗನ ಕೈಗೆ ಪಿಸ್ತೂಲು ಕೊಡುವವರು ಮೊದಲಿನಿಂದಲೂ ಇದ್ದರು. ಮತಪತ್ರ ಕೊಟ್ಟವರು ಇವರು. ‘ನಿನ್ನ ಮಾತಿಗೆ ಬೆಲೆಯುಂಟು’ ಎಂದು ಸಾವಿರ ಭಾಷಣಗಳಲ್ಲಿ ಹೇಳುವುದಕ್ಕಿಂತ ಒಂದು ಸಲ ಆ ಮಾತಿನಂತೆ ಹಣ ಬಿಚ್ಚುವುದು ಮೇಲಲ್ಲವೇ?

2008ರಲ್ಲಿ ಫಹಾರ್ಡೊ ಅವರ ಬಳಿಕ ಮೇಯರಾಗಿ ಬಂದವರು ಯಾರು ಬಲ್ಲಿರಾ? ಹದಿನೆಂಟು ವರ್ಷಗಳ ಹಿಂದೆ ‘ಬೀಜಕ್ಕೆ ಹುಟ್ಟದವರ’ ಪುಸ್ತಕ ಬರೆದ ಅದೇ ಅಲೊನ್ಸೊ ಸಲಸಾರ್. ರೋಗದ ವಿವರ ಬರೆದವನ ಕೈಗೇ ಔಷಧದ ಬಟ್ಟಲು ಬಂದಂತಾಯಿತು. ಇದು ಕಥೆಯಾಗಿದ್ದರೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಹಾಗಾಗಲಿಲ್ಲ. 2007ರ ಹೊತ್ತಿಗೆ ಕೊಲೆಗಳು ಬಹಳ ಇಳಿದಿದ್ದುದೇನೋ ನಿಜ. ಆ ಇಳಿತಕ್ಕೆ ಗ್ರಂಥಾಲಯಗಳು ಮಾತ್ರ ಕಾರಣವಾಗಿರಲಿಲ್ಲ. ಭೂಗತ ಲೋಕವೆಲ್ಲ ಒಬ್ಬನೇ ನಾಯಕನ ಮುಷ್ಟಿಯಲ್ಲಿದ್ದು, ಅವನ ಅಪ್ಪಣೆಯಿಂದಲೂ ಬಂದೂಕುಗಳು ಸುಮ್ಮನಿದ್ದವು. 2008ರ ಮೇ ತಿಂಗಳಲ್ಲಿ ಅವನನ್ನು ಅಮೆರಿಕಕ್ಕೆ ಒಪ್ಪಿಸಿದೊಡನೆ ಅನುಯಾಯಿಗಳು ಪಟ್ಟಕ್ಕಾಗಿ ಬಡಿದಾಡಿದರು. 2009ರಲ್ಲಿ ಕೊಲೆಗಳು ಮತ್ತೆ 2,000ವನ್ನು ಮೀರಿದವು. ಹದಿಮೂರನೆಯ ಕಮ್ಯೂನಿನಲ್ಲಿ ಬಂದೂಕನ್ನು ನಿರಾಕರಿಸಿ, ‘ರ‍್ಯಾಪ್’ ಎಂಬ ಹೊಸ ಬಗೆಯ ಹಾಡುಗಾರಿಕೆಯನ್ನು ಹಿಡಿದು, ಕಿರಿಯರಿಗೆ ಅದನ್ನು ಕಲಿಸುತ್ತಿದ್ದ ತರುಣರಲ್ಲೇ ಹಲವರು ಈ ವರ್ಷಗಳಲ್ಲಿ ಗುಂಡಿಗೆ ಬಲಿಯಾದರು.

ಉಳಿದವರು ಹಾಡುವುದನ್ನು ಬಿಡಲಿಲ್ಲ ಎಂಬುದೇ ಈ ವೃತ್ತಾಂತದ ಬೆನ್ನೆಲುಬು. 2011ರ ಕೊನೆಯಲ್ಲಿ ಸಲಸಾರ್ ಅವರ ಆಡಳಿತ ಆ ಗುಡ್ಡಕ್ಕೆ 384 ಮೀಟರ್ ಉದ್ದದ, ಆರು ಭಾಗಗಳ ಚಲಿಸುವ ಮೆಟ್ಟಿಲುಗಳನ್ನು ಹಾಕಿಸಿತು. ಹಾಡುವ ಹುಡುಗರೂ ಗೋಡೆಚಿತ್ರ ಬರೆಯುವ ಹುಡುಗರೂ ಆ ದಾರಿಯ ಗೋಡೆಗಳ ಮೇಲೆ ತಮ್ಮ ಕೇರಿಯ ಕಥೆಯನ್ನೂ ಸತ್ತ ಗೆಳೆಯರ ಮುಖಗಳನ್ನೂ ಬಣ್ಣದಲ್ಲಿ ಬರೆದರು. ದೂರದೇಶಗಳಿಂದ ಬರುವ ಯಾತ್ರಿಕರಿಗೆ ಆ ಕಥೆಯನ್ನು ವಿವರಿಸುವುದು ಈಗ ಅವರಲ್ಲಿ ಹಲವರ ಜೀವನೋಪಾಯ.

ಮತ್ತೊಂದು ಸಂಗತಿ. ಐದು ಗ್ರಂಥಾಲಯಗಳಲ್ಲಿ ಅತ್ಯಂತ ಕೀರ್ತಿ ಪಡೆದದ್ದು ಸಾಂತೊ ದೊಮಿಂಗೊ ಗುಡ್ಡದ ಮೇಲಿನ, ಕರಿಬಂಡೆಗಳಂತೆ ಕಾಣುವ ‘ಎಸ್ಪಾನ್ಯಾ’ ಗ್ರಂಥಾಲಯ. 2007ರಲ್ಲಿ ಸ್ಪೇನಿನ ದೊರೆಯೇ ಬಂದು ಅದನ್ನು ತೆರೆದರು. ಅದರ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಹತ್ತು ವರ್ಷ ತುಂಬುವುದರೊಳಗೆ ಹೊರಮೈಯ ಕಲ್ಲುಹಲಗೆಗಳಲ್ಲಿ ದೋಷ ಕಂಡು ಅದು ಬಾಗಿಲು ಮುಚ್ಚಿ, ವರ್ಷಗಟ್ಟಲೆ ಪರದೆ ಹೊದ್ದು ನಿಂತಿತು. ಆ ಕೇರಿಯಲ್ಲಿ ಓದುವ ಗುಂಪುಗಳು ಮಾತ್ರ ಬೇರೆ ನೆಲೆಗಳಲ್ಲಿ ಕೂಡುತ್ತಲೇ ಇದ್ದವು. ಕಲ್ಲು ಸಡಿಲವಾಯಿತು, ಬಳಗ ಸಡಿಲವಾಗಲಿಲ್ಲ.

ಇದರಿಂದ ನಾನು ಗ್ರಹಿಸಿದುದನ್ನು ಹೇಳಿ ಮುಗಿಸುತ್ತೇನೆ. ಯುವಜನರಿಗಾಗಿ ಮೇಯರ್ ಒಬ್ಬನು ಮಾಡಬಹುದಾದ ಕೆಲಸಗಳಲ್ಲಿ ಎರಡು ಬಗೆ. ಒಂದು, ಕೊಡುವುದು: ಕಟ್ಟಡ, ಕ್ರೀಡಾಂಗಣ, ಬಹುಮಾನ. ಇನ್ನೊಂದು, ಬಿಟ್ಟುಕೊಡುವುದು: ನಿರ್ಧರಿಸುವ ಅಧಿಕಾರದಲ್ಲಿ ಒಂದು ಪಾಲನ್ನು. ಕೊಡುವವನಿಗೆ ಹೊಗಳಿಕೆ ಬರುತ್ತದೆ. ಬಿಟ್ಟುಕೊಡುವವನಿಗೆ ಅಷ್ಟು ಬರುವುದಿಲ್ಲ, ಏಕೆಂದರೆ ಮುಂದೆ ಆಗುವ ಒಳಿತನ್ನು ಜನ ತಮ್ಮದೆಂದೇ ಎಣಿಸುತ್ತಾರೆ. ಹಾಗೆ ಎಣಿಸುವುದೇ ಸರಿ. ಪಾಲುಗಾರಿಕೆ ಸಫಲವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಾಗಿಲ್ಲ.

2023ರಲ್ಲಿ ಮೆಡೆಲಿನ್ನಿನ ಕೊಲೆಗಳು ನಾನೂರಕ್ಕೂ ಕಡಿಮೆ. 6,000 ಎಲ್ಲಿ, ನಾನೂರು ಎಲ್ಲಿ! ಗುಂಪುಗಳು ಅಳಿದಿಲ್ಲ, ಬಡತನ ಅಳಿದಿಲ್ಲ. ನಾನೂರು ಮನೆಗಳ ದುಃಖವನ್ನು ಅಲ್ಪವೆನ್ನುವಂತೆಯೂ ಇಲ್ಲ. ಆದರೆ ಆ ಗುಡ್ಡಗಳ ಮೇಲೆ ಒಂದು ತಲೆಮಾರು ಮೂವತ್ತು ದಾಟಿ, ನಲವತ್ತು ದಾಟಿ, ಮಕ್ಕಳನ್ನು ಸಂಗೀತದ ಶಾಲೆಗೆ ಕಳುಹಿಸುತ್ತಿದೆ. ತಾವು ಬೀಜಕ್ಕೆಂದು ಹುಟ್ಟಿದವರಲ್ಲ ಎಂದಿದ್ದವರಲ್ಲಿ ಒಂದಿಷ್ಟು ಕಾಳು ಹೀಗೆ ಬೀಜಕ್ಕೆ ಉಳಿಯಿತು.