ನಮ್ಮ ಜಿಲ್ಲೆಯ ಅಡವಿ, ನಮ್ಮ ನದಿಯ ಮೊಸಳೆ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಶಿಕ್ಷಕ ವೃಂದದ ಪರವಾಗಿ ನೀಡಿದ ಉಪನ್ಯಾಸದ ಪಾಠ)



ಶತಮಾನೋತ್ಸವದ ವರ್ಷದಲ್ಲಿ ಮಕ್ಕಳ ಪ್ರವಾಸ ಎಲ್ಲಿಗೆ ಹೋಗಬೇಕು ಎಂಬ ವಿಷಯದಲ್ಲಿ ತಮ್ಮಲ್ಲಿ ಹಲವರು ತಮ್ಮ ಅಭಿಪ್ರಾಯಗಳನ್ನು ತಿಳಿಸಿದ್ದೀರಿ. ಬಂಡೀಪುರಕ್ಕೆ ಹೋಗಿ ಆನೆ, ಹುಲಿ ತೋರಿಸಬೇಕೆಂಬುದು ಕೆಲವರ ಅಪೇಕ್ಷೆ. ಅಪೇಕ್ಷೆ ತಪ್ಪಲ್ಲ. ಆದರೆ ಶಿಕ್ಷಕರಾದ ನಮಗೆ ಬೇರೊಂದು ವಿಚಾರವಿದೆ. ಸಾಂಗಲಿ ಜಿಲ್ಲೆಯಲ್ಲಿಯೇ ಒಂದು ರಾಷ್ಟ್ರೀಯ ಉದ್ಯಾನವಿದೆ, ಒಂದು ಅಭಯಾರಣ್ಯವಿದೆ, ಮೊಸಳೆಗಳಿರುವ ಮಹಾನದಿಯಿದೆ. ಈ ಮೂರನ್ನೂ ಕಾಣದೆ ನಮ್ಮ ಮಕ್ಕಳು ಏಳನೆಯ ಇಯತ್ತೆ ಮುಗಿಸಿ ಹೋಗುತ್ತಿದ್ದಾರೆ. ಆಫ್ರಿಕದ ಸೆರೆಂಗೆಟಿಯ ಸಿಂಹ ಹೇಗೆ ಬೇಟೆಯಾಡುತ್ತದೆ ಎಂದು ಕೇಳಿದರೆ ದೂರದರ್ಶನ ನೋಡಿದ ಹುಡುಗ ಥಟ್ಟನೆ ಹೇಳುತ್ತಾನೆ. ವಾರಣಾ ನದಿ ಯಾವ ಅಡವಿಯಿಂದ ಬರುತ್ತದೆ ಎಂದರೆ ಸುಮ್ಮನೆ ನಿಲ್ಲುತ್ತಾನೆ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಸೆರೆಂಗೆಟಿ ಬಯಲು ಹುಲ್ಲುಗಾವಲು. ಅಲ್ಲಿ ಮೈಲಿಗಟ್ಟಲೆ ದೂರದ ಪ್ರಾಣಿಯೂ ಕಣ್ಣಿಗೆ ಬೀಳುತ್ತದೆ. ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಅಡವಿಯಲ್ಲಿ ಇಪ್ಪತ್ತು ಹೆಜ್ಜೆಯಾಚೆ ನಿಂತ ಕಾಡುಕೋಣವೂ ಕಾಣದೆ ಹೋಗಬಹುದು. ಆದುದರಿಂದ ಉಷ್ಣವಲಯದ ಅಡವಿಗೆ ಹೋಗುವವನು ಕಣ್ಣಿಗಿಂತ ಮೊದಲು ಕಿವಿಯನ್ನು ಸಿದ್ಧಗೊಳಿಸಬೇಕು. ಮುಸವ ಮರದ ತುದಿಯಿಂದ ಗದರಿದರೆ, ಕಡವೆ ಒಮ್ಮೆಲೆ ಕೂಗಿದರೆ, ಕೆಳಗೆಲ್ಲೋ ಚಿರತೆಯೋ ಹುಲಿಯೋ ನಡೆದಿದೆ ಎಂದು ಅರ್ಥ. ಕೆಸರಿನಲ್ಲಿ ಮೂಡಿದ ಹೆಜ್ಜೆಯಲ್ಲಿ ಉಗುರಿನ ಗುರುತಿದ್ದರೆ ನಾಯಿಯ ಜಾತಿ, ಇಲ್ಲದಿದ್ದರೆ ಬೆಕ್ಕಿನ ಜಾತಿ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಷ್ಟು ತಿಳಿದ ಮಗು ಒಂದೂ ಪ್ರಾಣಿ ಕಾಣದೆ ಮರಳಿದರೂ ಬರಿಗೈಯಲ್ಲಿ ಮರಳುವುದಿಲ್ಲ.

ಹತ್ತಿರದ್ದು ಸಾಗರೇಶ್ವರ. ಮಿರಜದಲ್ಲಿ ಪುಣೆಯ ಕಡೆಯ ಗಾಡಿ ಹತ್ತಿ, ಸಾಂಗಲಿ, ಭಿಲವಡಿ, ಕಿರ್ಲೋಸ್ಕರವಾಡಿ ದಾಟಿದರೆ ತಾಕಾರಿ. ಅಲ್ಲಿಂದ ಮುಂದೆ ಗುಡ್ಡ ಕಾಣುತ್ತದೆ. (ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದನ್ನು ಮಕ್ಕಳಿಗೆ ಗಾಡಿಯಲ್ಲಿಯೇ ಹೇಳಬಹುದು.) ಸಾಗರೇಶ್ವರದ ವೈಶಿಷ್ಟ್ಯವೆಂದರೆ ಅದು ಮನುಷ್ಯರು ಮಾಡಿದ ಅಡವಿ. ಬೋಳಾಗಿದ್ದ ಗುಡ್ಡಗಳಲ್ಲಿ ವೃಕ್ಷಮಿತ್ರ ಧೋ. ಮ. ಮೋಹಿತೆಯವರು ಸುತ್ತಲಿನ ಜನರನ್ನು ಕೂಡಿಸಿಕೊಂಡು ಗಿಡ ಬೆಳೆಸಿದರು. ಬೇಲಿ ಬಂತು, ಜಿಂಕೆಗಳು ಬಂದವು. 1985ರಲ್ಲಿ ಅದು ಅಭಯಾರಣ್ಯವಾಯಿತು. ವಿಸ್ತಾರ 11 ಚದರ ಕಿಲೋಮೀಟರಿಗೂ ಕಡಿಮೆ. ಕಡವೆ, ಚುಕ್ಕೆ ಜಿಂಕೆ, ಕೃಷ್ಣಮೃಗಗಳು ಅಲ್ಲಿವೆ. ದೊಡ್ಡ ಬೇಟೆಗಾರ ಪ್ರಾಣಿ ನೆಲೆಸಿರದ ಬೇಲಿಯೊಳಗೆ ಜಿಂಕೆ ಹೆಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿಯ ರೈತರು ತಮ್ಮ ಹೊಲವನ್ನು ತೋರಿಸಿ ವಿವರಿಸಬಲ್ಲರು. ಯಾವ ಪಠ್ಯಪುಸ್ತಕದ ಆಹಾರ ಸರಪಳಿಯ ಚಿತ್ರಕ್ಕಿಂತಲೂ ಅದು ಸ್ಪಷ್ಟವಾದ ಪಾಠ.

ಚಾಂದೋಲಿಯ ಸಂಗತಿ ಬೇರೆ. ಶಿರಾಳಾ ತಾಲೂಕಿನ ಪಶ್ಚಿಮದ ಅಂಚಿನಲ್ಲಿ ವಾರಣೆಗೆ ಕಟ್ಟಿದ ಆಣೆಕಟ್ಟಿನ ಸುತ್ತ, ಸಾಂಗಲಿ, ಸಾತಾರಾ, ಕೊಲ್ಲಾಪುರ, ರತ್ನಾಗಿರಿ ಈ ನಾಲ್ಕು ಜಿಲ್ಲೆಗಳಲ್ಲಿ ಅದು ಹಬ್ಬಿದೆ. 1985ರಲ್ಲಿ ಅಭಯಾರಣ್ಯವಾದ ಇದು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಕೊಯನಾ ಅಭಯಾರಣ್ಯದೊಡನೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಕಾಡುಕೋಣ, ಕಡವೆ, ಕರಡಿ, ಚಿರತೆ, ಸೀಳುನಾಯಿ, ಮರದಿಂದ ಮರಕ್ಕೆ ಹಾರುವ ಕೆಂದಳಿಲು ಅಲ್ಲಿವೆ. ಹುಲಿ ಮಾತ್ರ ಬಹುಕಾಲ ಹೆಸರಿನಲ್ಲಿತ್ತೇ ಹೊರತು ಕಾಣಿಸುತ್ತಿದ್ದುದು ಅಪರೂಪ. ಘಟ್ಟದ ದಾರಿಯಲ್ಲಿ ದಕ್ಷಿಣದಿಂದ, ಎಂದರೆ ನಮ್ಮ ಕಾಳಿ ಅಡವಿಯ ಕಡೆಯಿಂದ, ಹುಲಿ ನಡೆದು ಬರಬಲ್ಲುದು. ಆ ದಾರಿ ಕಡಿಯದೆ ಉಳಿಯಬೇಕು. ಒಂದು ಹುಲಿಯನ್ನು ಇನ್ನೊಂದರಿಂದ ಗುರುತಿಸುವುದು ಅದರ ಪಟ್ಟೆಗಳಿಂದ. ನಮ್ಮ ಹೆಬ್ಬೆರಳಿನ ಗುರುತಿನಂತೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಸ್ವಯಂಚಾಲಿತ ಕ್ಯಾಮೆರಾಗಳಿಂದ ಹುಲಿಗಳನ್ನು ಹೀಗೆ ಎಣಿಸುವ ಕ್ರಮವನ್ನು ನಾಗರಹೊಳೆಯಲ್ಲಿ ರೂಢಿಸಿದವರು ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. 2025ರ ನವೆಂಬರದಲ್ಲಿ ವಿದರ್ಭದ ತಾಡೋಬಾದಿಂದ ಹೆಣ್ಣುಹುಲಿಯೊಂದನ್ನು ಚಾಂದೋಲಿಗೆ ತರಲಾಯಿತು. ಮಕ್ಕಳು ಆ ಹುಲಿಯನ್ನು ಕಾಣುತ್ತಾರೆಂದು ನಾವು ಭರವಸೆ ಕೊಡಲಾರೆವು. ಕಾಣದಿರುವುದೇ ಹೆಚ್ಚು ಸಂಭವ.

ಕಾಣುವುದು ಮತ್ತೊಂದು. ಅಡವಿಯ ನಡುವೆ ಸಮತಟ್ಟಾದ ಹುಲ್ಲಿನ ಬಯಲುಗಳಿವೆ. ಅವು ಒಂದು ಕಾಲಕ್ಕೆ ಹೊಲಗಳಾಗಿದ್ದವು. ಆಣೆಕಟ್ಟಿಗಾಗಿ, ಬಳಿಕ ಅಡವಿಗಾಗಿ ಅಲ್ಲಿಯ ಊರುಗಳನ್ನು ಎಬ್ಬಿಸಿ ಜನರನ್ನು ಕೆಳಗಿನ ಬಯಲಿಗೆ ಕಳಿಸಲಾಯಿತು. ಮನೆಗಳ ಕಟ್ಟೆ, ಗುಡಿ, ಯಾರೋ ನೆಟ್ಟ ಮಾವಿನ ಮರ ಹಿಂದೆ ಉಳಿದವು. ಆ ಹುಲ್ಲನ್ನೇ ಇಂದು ಕಾಡುಕೋಣ ಮೇಯುತ್ತದೆ, ಕಾಡುಕೋಣವಿದ್ದುದರಿಂದಲೇ ಹುಲಿಗೆ ಅಲ್ಲಿ ಬಾಳು ಸಾಧ್ಯ. ಹೊಸ ವಸಾಹತುಗಳಲ್ಲಿ ಭೂಮಿಗಾಗಿ, ನೀರಿಗಾಗಿ ಆ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದ್ದಾರೆ. ಅಡವಿ ಎಂದರೆ ಮನುಷ್ಯನಿಲ್ಲದ ಜಾಗ ಎಂದು ಮಗು ತಿಳಿಯಬಾರದು. ಮಾವಿನ ಮರದ ಕೆಳಗೆ ಐದು ನಿಮಿಷ ಕೂರಿಸಿ ಈ ಕಥೆಯನ್ನು ಹೇಳಬೇಕೆಂದು ನಮ್ಮ ನಿರ್ಧಾರ. ಇದನ್ನು ಕೇಳಿದ ಮೇಲೆ ಅಡವಿ ಉಳಿಯಬಾರದೆಂದು ಯಾರೂ ಹೇಳಲಾರರು. ಆದರೆ ಅದರ ಬೆಲೆ ಕೊಟ್ಟವರು ಯಾರೆಂದು ಮರೆಯಲೂ ಆಗದು.

ಆ ಆಣೆಕಟ್ಟಿನ ನೀರು ವಾರಣೆಯಲ್ಲಿ ಇಳಿದು ಸಾಂಗಲಿಯ ಮಗ್ಗುಲಲ್ಲಿರುವ ಹರಿಪುರದ ಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಏಕೆಂದರೆ ಇದರಲ್ಲಿ ಪ್ರಾಣದ ಪ್ರಶ್ನೆಯಿದೆ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಭಿಲವಡಿ, ಔದುಂಬರ, ದಿಗ್ರಜ, ಸಾಂಗಲಿಯ ಘಾಟುಗಳ ಸುತ್ತಮುತ್ತ ಅವುಗಳನ್ನು ಕಾಣದ ವರ್ಷವಿಲ್ಲ. ಈಜಲು, ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಹೋದವರ ಮೇಲೆ ಅವು ಎರಗಿವೆ, ಪ್ರಾಣಹಾನಿಯೂ ಆಗಿದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಕೆಳಗೆ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯ ಛಾವಣಿಯ ಮೇಲೆ ಮೊಸಳೆ ಮಲಗಿದ ಚಿತ್ರವನ್ನು ತಾವೆಲ್ಲ ನೋಡಿದ್ದೀರಿ. ಭಾಷಾವಾರು ಪ್ರಾಂತ ರಚನೆಯ ಸುದ್ದಿ ಅದಕ್ಕೆ ಇನ್ನೂ ಮುಟ್ಟಿಲ್ಲವೆಂದು ತೋರುತ್ತದೆ.

ಮೊಸಳೆಯನ್ನು ಬಲ್ಲವನಿಗೆ ಅದರಿಂದ ಅಪಾಯ ಕಡಿಮೆ. ಅದು ತಣ್ಣನೆಯ ರಕ್ತದ ಪ್ರಾಣಿ. ಚಳಿಗಾಲದಲ್ಲಿ ಮೈ ಕಾಯಿಸಲು ದಂಡೆಗೆ ಬಂದು ಬಿಸಿಲಿನಲ್ಲಿ ಮಲಗುತ್ತದೆ. ದೂರದಿಂದ ನೋಡಲು ಅದೇ ತಕ್ಕ ಕಾಲ. ಬೇಸಿಗೆಯ ಮೊದಲಲ್ಲಿ ದಂಡೆಯ ಮಣ್ಣು-ಮರಳಿನಲ್ಲಿ ಕುಣಿ ತೋಡಿ ಮೊಟ್ಟೆ ಇಡುತ್ತದೆ. ಮರಿಗಳು ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣಾಂಶ ನಿರ್ಧರಿಸುತ್ತದೆ. ತಾಯಿ ಗೂಡನ್ನು ಕಾಯುತ್ತದೆ. ಹೊಳೆ ಬತ್ತಿ ಮಡುಗಳು ಉಳಿಯುವ ಕಾಲವೂ, ಮಕ್ಕಳ ಸೂಟಿಯೂ, ಗೂಡು ಕಾಯುವ ಮೊಸಳೆಯ ಸಿಟ್ಟಿನ ಕಾಲವೂ ಒಂದೇ ಆಗಿರುವುದು ನಮ್ಮ ದುರ್ದೈವ. ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ: ಮಾರ್ಚದಿಂದ ಮಳೆ ಹಿಡಿಯುವವರೆಗೆ ಮಕ್ಕಳನ್ನು ಮಡುವಿಗೆ ಈಜಲು ಬಿಡಬೇಡಿರಿ. ಮುಂಜಾನೆ ಮಬ್ಬಿನಲ್ಲಿ, ಸಂಜೆಯ ಹೊತ್ತಿನಲ್ಲಿ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯಬೇಡಿರಿ. ಮಾಂಸದ ಕಸವನ್ನು, ಸತ್ತ ದನವನ್ನು ಹೊಳೆಗೆ ಎಸೆಯುವ ಜಾಗದ ಹತ್ತಿರ ಹೋಗಬೇಡಿರಿ, ಎಸೆಯುವುದನ್ನೂ ನಿಲ್ಲಿಸಿರಿ. ಮೊಸಳೆಯನ್ನು ಕಲ್ಲಿನಿಂದ ಹೊಡೆದು ಓಡಿಸುವ ಶೂರತನ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ.

ಗುಂಪು ಕೂಡುವ ನಮ್ಮ ಸ್ವಭಾವ ಮೃಗಕ್ಕಿಂತ ಭಯಂಕರ. 2020ರ ಡಿಸೆಂಬರದಲ್ಲಿ ಪುಣೆಯ ಕೋಥರೂಡಕ್ಕೆ ದಾರಿ ತಪ್ಪಿ ಬಂದ ಕಾಡುಕೋಣದ ಹಿಂದೆ ಜನ ಬೆನ್ನಟ್ಟಿ ಓಡಿದರು. ಕೊನೆಗೆ ಸೆರೆಸಿಕ್ಕ ಆ ಪ್ರಾಣಿ ಸತ್ತಿತು. ಮರುವರ್ಷದ ಕೊನೆಗೆ ಸಾಂಗಲಿಯ ಮಾರ್ಕೆಟ್ ಯಾರ್ಡಿಗೇ ಒಂದು ಕಾಡುಕೋಣ ಬಂತು. ಅರಣ್ಯ ಇಲಾಖೆಯವರು ಹಿಡಿದು ವಾಹನದಲ್ಲಿ ಸಾಗಿಸಿದರು. ಮೊಬೈಲ್ ಹಿಡಿದು ನಿಂತವರನ್ನು ಹಿಂದೆ ಸರಿಸುವುದು ಇಂಥ ಹೊತ್ತಿನಲ್ಲಿ ಅರ್ಧ ಕೆಲಸ.

ಹೆಸರುಗಳ ಬಗ್ಗೆಯೂ ಒಂದು ಮಾತು. ಇಲ್ಲಿಯ ಮಾರ್ಗದರ್ಶಕ ಮರಾಠಿಯಲ್ಲಿ 'ಗವಾ' ಎನ್ನುತ್ತಾನೆ, ನಾವು ಕಾಡುಕೋಣ ಎನ್ನುತ್ತೇವೆ, ಇಂಗ್ಲಿಷಿನವರು ಬೈಸನ್ ಎಂದರು. ಅದು ಕೋಣವೂ ಅಲ್ಲ, ಬೈಸನ್ನೂ ಅಲ್ಲ, ನಮ್ಮ ಎತ್ತಿನ ಕಾಡು ಸೋದರ! 'ಭೇಕರ' ನಮ್ಮ ಕಾಡುಕುರಿ, 'ಕಾಳವೀಟ' ನಮ್ಮ ಅಜ್ಜಂದಿರ ಚಿಗರಿ. ನಮ್ಮ ಮಕ್ಕಳು ಎರಡೂ ಭಾಷೆ ಬಲ್ಲವರಾದ್ದರಿಂದ ಎರಡೂ ಹೆಸರನ್ನು ಬರೆದುಕೊಳ್ಳಲಿ. ಜತ್ತದ ಕಡೆಯ ಕುರಿಗಾರರ ಮನೆಯ ಮಕ್ಕಳು ಯಾರಾದರೂ ಜೊತೆಗಿದ್ದರೆ ನಾವು ಶಿಕ್ಷಕರು ಸುಮ್ಮನಿರುವುದೇ ಲೇಸು. ತೋಳ ಯಾವ ಗಾಳಿಗೆ ಎದುರಾಗಿ ಹಿಂಡಿನ ಹತ್ತಿರ ಬರುತ್ತದೆ ಎಂಬುದನ್ನು ಅವರು ನೋಡಿ ಬಲ್ಲರು, ನಾವು ಓದಿ ಬಲ್ಲೆವು.

ಆದ್ದರಿಂದ ಪ್ರವಾಸ ಹೀಗಿರಲಿ ಎಂದು ಸೂಚಿಸುತ್ತೇವೆ. ಮಳೆಗಾಲದಲ್ಲಿ ಚಾಂದೋಲಿ ಮುಚ್ಚಿರುತ್ತದೆ, ಜನವರಿ ಒಳ್ಳೆಯದು. ಮೊದಲ ದಿನ ಸಾಗರೇಶ್ವರ. ಎರಡನೆಯ ದಿನ ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕನೊಡನೆ ಚಾಂದೋಲಿ. ಮರಳುವ ದಾರಿಯಲ್ಲಿ ದಂಡೆಯ ಎತ್ತರದಿಂದ, ಒಬ್ಬರೂ ಕೆಳಗಿಳಿಯದೆ, ಬಿಸಿಲಿಗೆ ಮಲಗಿದ ಮೊಸಳೆ. ಮಕ್ಕಳಿಗೆ ಮಣ್ಣಿನ ಬಣ್ಣದ ಬಟ್ಟೆ ಹಾಕಿ ಕಳಿಸಿರಿ. ಕೆಂಪು, ಬಿಳಿ ಬೇಡ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇರಲಿ, ಪ್ಲಾಸ್ಟಿಕ್ ಪೊಟ್ಟಣ ಬೇಡ. ಮೊಬೈಲ್ ಮನೆಯಲ್ಲಿಯೇ ಇರಲಿ. ನೂರು ಪುಟದ ಒಂದು ವಹಿ, ಒಂದು ಪೆನ್ಸಿಲು ಸಾಕು. ಒಪ್ಪಿಗೆಯ ಪತ್ರಗಳು ಕಚೇರಿಯಲ್ಲಿ ಸಿದ್ಧವಾಗಿವೆ.