ಕಾಣದ ಬೇಲಿ



ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿರುವ ತರುಣನೊಬ್ಬನು ಮೊನ್ನೆ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನಿಟ್ಟನು. "ಬುದ್ಧೀ, ಅಪ್ಪಣೆಯಿಲ್ಲದ ಆಕಾಶದೊಳಕ್ಕೆ ತಿಳಿಯದೆ ಹೊಕ್ಕವನಿಗೆ ದೋಷವುಂಟೋ ಇಲ್ಲವೋ?" ಆಕಾಶಕ್ಕೂ ಬೇಲಿಯೇ ಎಂದು ನಿಮ್ಮಲ್ಲಿ ಅನೇಕರಿಗೆ ನಗು ಬಂದೀತು. ಉಂಟು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲೂ ಆಕಾಶವನ್ನು ಅಳೆದು ಗೆರೆ ಹಾಕಿರುತ್ತಾರೆ. ದೇವಾಲಯದ ಗೋಪುರವನ್ನು ತಲೆಕೆಳಗಾಗಿ ನಿಲ್ಲಿಸಿದಂತೆ ಅದರ ಆಕಾರ. ನಿಲ್ದಾಣದ ಬಳಿ ನೆಲದಿಂದಲೇ ಆರಂಭವಾಗಿ, ದೂರ ಹೋದಂತೆಲ್ಲ ಅದರ ತಳವು ಮೆಟ್ಟಿಲುಮೆಟ್ಟಿಲಾಗಿ ಮೇಲೇರುತ್ತದೆ. ಅದರೊಳಕ್ಕೆ ಬರುವ ಪ್ರತಿಯೊಬ್ಬನೂ ಕೆಳಗೆ ಕುಳಿತ ನಿಯಂತ್ರಣಾಧಿಕಾರಿಯನ್ನು ರೇಡಿಯೋದಲ್ಲಿ ಕೇಳಿ, ಅನುಜ್ಞೆ ಪಡೆದು ಬರಬೇಕು. ಆದರೆ ಈ ಬೇಲಿಗೆ ಕಲ್ಲಿಲ್ಲ, ಮುಳ್ಳಿಲ್ಲ. ಅದಿರುವುದು ನಕ್ಷೆಯ ಕಾಗದದ ಮೇಲೆ, ಮತ್ತು ನಡೆಸುವವನ ಎಚ್ಚರದಲ್ಲಿ.

ಶಾಸ್ತ್ರಕಾರರು ದೋಷವನ್ನು ಬುದ್ಧಿಪೂರ್ವಕವಾದದ್ದು, ಅಬುದ್ಧಿಪೂರ್ವಕವಾದದ್ದು ಎಂದು ಎರಡಾಗಿ ವಿಂಗಡಿಸುತ್ತಾರೆ. ಎರಡನೆಯದಕ್ಕೆ ಪ್ರಾಯಶ್ಚಿತ್ತ ಲಘು. ಆದರೆ ಇಲ್ಲವೇ ಇಲ್ಲ ಎಂದಲ್ಲ. ಇಷ್ಟನ್ನೇ ಹೇಳಿ ಆ ತರುಣನನ್ನು ಕಳುಹಿಸಬಹುದಿತ್ತು. ಅದರ ಬದಲು ನಡೆದ ಒಂದು ಸಂಗತಿಯನ್ನು ಹೇಳಿದೆವು. ನೀವೂ ಕೇಳಬೇಕು.

1986ನೆಯ ಇಸವಿ ಆಗಸ್ಟ್ 31, ಭಾನುವಾರ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತ. ಆಕಾಶ ನಿರ್ಮಲವಾಗಿತ್ತು. ಟೊರೆನ್ಸ್ ಎಂಬ ಊರಿನಿಂದ ಒಬ್ಬ ಗೃಹಸ್ಥನು ತನ್ನ ಪೈಪರ್ ಎಂಬ ಚಿಕ್ಕ ವಿಮಾನದಲ್ಲಿ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು, ಬೆಟ್ಟಗಳ ನಡುವಿನ ಬಿಗ್ ಬೇರ್ ಎಂಬಲ್ಲಿಗೆ ಹೊರಟನು. ಅವನು ಕುಡುಕನಲ್ಲ, ಉದ್ಧಟನಲ್ಲ. ನಕ್ಷೆಯೂ ವಿಮಾನದಲ್ಲಿತ್ತು. ಅದೇ ಹೊತ್ತಿಗೆ ಮೆಕ್ಸಿಕೋ ದೇಶದಿಂದ ಏರೋಮೆಕ್ಸಿಕೋ ಸಂಸ್ಥೆಯ 498ನೆಯ ವಿಮಾನವು, ಡಿಸಿ-9 ಎಂಬ ಜೆಟ್ಟು, 64 ಜನರನ್ನು ಹೊತ್ತು ಲಾಸ್ ಏಂಜಲೀಸ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಸೆರಿಟೋಸ್ ಎಂಬ ಊರಿನ ಮೇಲೆ ಆ ಕಾಣದ ಬೇಲಿಯ ತಳ 6,000 ಅಡಿ. ಅದರ ಕೆಳಗೆ ಹಾರಿದ್ದರೆ ಆ ಗೃಹಸ್ಥನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನು ಏರುತ್ತ ಏರುತ್ತ ಬೇಲಿಯನ್ನು ದಾಟಿದನು. ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ, ಸುಮಾರು 6,560 ಅಡಿ ಎತ್ತರದಲ್ಲಿ, ಎರಡೂ ಒಂದಕ್ಕೊಂದು ಬಡಿದವು. ಮಿತಿಯನ್ನು ಮೀರಿದ್ದು ಐನೂರು ಚಿಲ್ಲರೆ ಅಡಿ, ಅಷ್ಟೆ.

ಜೆಟ್ಟಿನ ಬಾಲದ ಅಡ್ಡರೆಕ್ಕೆ ಮುರಿದು ಅದು ನೇರವಾಗಿ ಮನೆಗಳ ಮೇಲೆ ಬಿತ್ತು. ಅದರೊಳಗಿದ್ದ 64 ಜನ, ಪೈಪರಿನ ಮೂವರು, ರಜೆಯ ದಿನ ತಮ್ಮ ಪಾಡಿಗೆ ತಾವು ಮನೆಯಲ್ಲಿದ್ದ 15 ಜನ. ಒಟ್ಟು 82 ಜೀವ. ಚಿಕ್ಕ ವಿಮಾನ ಬಿದ್ದದ್ದು ಒಂದು ಶಾಲೆಯ ಆಟದ ಬಯಲಿನಲ್ಲಿ. ಭಾನುವಾರವಾದ್ದರಿಂದ ಅಲ್ಲಿ ಮಕ್ಕಳಿರಲಿಲ್ಲ. ಆ ಹದಿನೈದು ಜನರನ್ನು ನೆನೆದಾಗ ನಮಗೆ ಮಾತು ನಿಲ್ಲುತ್ತದೆ. ವಿಮಾನ ಹತ್ತಿದವರು ಅಷ್ಟಿಷ್ಟು ಅಪಾಯವನ್ನು ಒಪ್ಪಿಯೇ ಹತ್ತಿದವರು. ಇವರು ಯಾವ ಬೇಲಿಯನ್ನು ದಾಟಿದ್ದರು?

ಹಾಗಾದರೆ ನಿಯಂತ್ರಣಾಧಿಕಾರಿ ಎಲ್ಲಿ ಹೋಗಿದ್ದನು? ಅವನು ತನ್ನ ಪೀಠದಲ್ಲಿಯೇ ಇದ್ದನು. ಕೇಳಿ, ಇದು ಬಹಳ ವಿಚಿತ್ರ. ಆ ಗಳಿಗೆಯಲ್ಲಿ ಇನ್ನೊಂದು ಚಿಕ್ಕ ವಿಮಾನ ಅದೇ ಆಕಾಶದೊಳಕ್ಕೆ ಹೀಗೆಯೇ ಅಪ್ಪಣೆಯಿಲ್ಲದೆ ಬಂದಿತ್ತು. ಅದನ್ನು ನಡೆಸುತ್ತಿದ್ದವನಿಗೆ, ನೀನು ನಿಷಿದ್ಧ ಪ್ರದೇಶದಲ್ಲಿದ್ದೀಯೆ, ಇನ್ನು ಮೇಲೆ ನಕ್ಷೆಯನ್ನು ನೋಡಿಕೋ ಎಂಬರ್ಥದ ಬುದ್ಧಿವಾದವನ್ನು ಅಧಿಕಾರಿ ಹೇಳುತ್ತಿದ್ದನು. ಒಬ್ಬ ಅತಿಕ್ರಮಿಯನ್ನು ಗದರಿಸುತ್ತಿದ್ದಾಗಲೇ ಇನ್ನೊಬ್ಬ ಅತಿಕ್ರಮಿ ಕಣ್ಣು ತಪ್ಪಿದನು. ಗದರಿಕೆ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ರಾಡಾರಿನ ತೆರೆಯ ಮೇಲೆ ಜೆಟ್ಟು ಇರಲಿಲ್ಲ. ನಮ್ಮಂಥ ಉಪದೇಶ ಹೇಳುವವರು ಇದನ್ನು ಸ್ವಲ್ಪ ಯೋಚಿಸಬೇಕಾದದ್ದೇ!

ಪೈಪರ್ ತನ್ನ ತೆರೆಯ ಮೇಲೆ ಕಾಣಲಿಲ್ಲವೆಂದು ಅಧಿಕಾರಿ ಹೇಳಿದನು. ತನಿಖಾ ಮಂಡಳಿಯು ಅದರ ಗುರುತು ಅಲ್ಲಿ ಇದ್ದಿತೆಂದೇ ತೀರ್ಮಾನಿಸಿತು. ಆದರೆ ಆ ಗುರುತಿಗೆ ಎತ್ತರವಿರಲಿಲ್ಲ. ತನ್ನ ಎತ್ತರವನ್ನು ತಾನೇ ನೆಲಕ್ಕೆ ತಿಳಿಸುವ ಯಂತ್ರವೊಂದುಂಟು. ಆ ಚಿಕ್ಕ ವಿಮಾನದಲ್ಲಿ ಅದು ಇರಲಿಲ್ಲ. ಬೇಲಿಯ ಕೆಳಗೆ ಹಾರುತ್ತಿದೆಯೋ, ಒಳಗೇ ಬಂದಿದೆಯೋ, ನೋಡಿದರೂ ತಿಳಿಯುವಂತಿರಲಿಲ್ಲ. ಅಂಧಪಂಗು ನ್ಯಾಯವನ್ನು ನೀವು ಕೇಳಿದ್ದೀರಿ. ಕುರುಡನ ಹೆಗಲೇರಿದ ಕುಂಟ ದಾರಿ ತೋರಿಸುತ್ತಾನೆ, ಇಬ್ಬರೂ ಊರು ಸೇರುತ್ತಾರೆ. ಇಲ್ಲಿ ನೆಲದವನಿಗೆ ಎತ್ತರ ಕಾಣದು, ಮೇಲಿನವನಿಗೆ ಗೆರೆ ಕಾಣದು. ಇಬ್ಬರಿಗೂ ಒಂದು ಮಾತು ಕೂಡ ನಡೆಯಲಿಲ್ಲ.

ನಿರ್ಮಲ ಆಕಾಶದಲ್ಲಿ ಒಬ್ಬರನ್ನೊಬ್ಬರು ನೋಡಿ ತಪ್ಪಿಸಿಕೊಳ್ಳಬಾರದಿತ್ತೇ ಎಂದು ಕೇಳುವಿರಿ. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ನಮ್ಮ ಕಣ್ಣು ಚಲಿಸುವ ವಸ್ತುವನ್ನು ಬೇಗ ಹಿಡಿಯುತ್ತದೆ. ಬಂದು ಬಡಿಯಲಿರುವ ವಿಮಾನವಾದರೋ ಗಾಜಿನ ಮೇಲೆ ಅತ್ತಿತ್ತ ಚಲಿಸುವುದೇ ಇಲ್ಲ. ಇದ್ದಲ್ಲಿಯೇ ಒಂದು ಚುಕ್ಕೆಯಾಗಿ ನಿಂತು, ಕೊನೆಯ ಕೆಲವು ಕ್ಷಣಗಳಲ್ಲಿ ದೊಡ್ಡದಾಗುತ್ತದೆ. ಚಲಿಸುವುದು ಅಪಾಯವಲ್ಲ, ಚಲಿಸದಿರುವುದೇ ಅಪಾಯ! ಜೆಟ್ಟಿನವರಾಗಲಿ ಪೈಪರಿನವನಾಗಲಿ ತಪ್ಪಿಸಿಕೊಳ್ಳಲು ಯತ್ನಿಸಿದ ಗುರುತೇ ಸಿಗಲಿಲ್ಲ.

ಇಂಥ ಸಂಗತಿ ನಡೆದಾಗ ಲೋಕಕ್ಕೆ ಒಬ್ಬ ಪಾಪಿ ಬೇಕು. ಸತ್ತವನಾದರೆ ಇನ್ನೂ ಅನುಕೂಲ, ಅವನು ಬಾಯಿ ಬಿಡುವುದಿಲ್ಲ. ಅಮೆರಿಕೆಯ ತನಿಖಾ ಮಂಡಳಿ ಹಾಗೆ ಮಾಡಲಿಲ್ಲವೆಂಬುದು ನಮಗೆ ಮೆಚ್ಚಿಕೆಯಾದ ಸಂಗತಿ. ವಿಮಾನಗಳನ್ನು ಡಿಕ್ಕಿಯಿಂದ ಕಾಯಬೇಕಾದ ವ್ಯವಸ್ಥೆಯ ಕೊರತೆಯನ್ನೇ ಅದು ಮುಖ್ಯ ಕಾರಣವೆಂದು ಎಣಿಸಿತು. ಪೈಪರಿನ ಪ್ರವೇಶವನ್ನು ಅನುಜ್ಞೆಯಿಲ್ಲದ್ದು, ಆದರೆ ಉದ್ದೇಶಪೂರ್ವಕವಲ್ಲದ್ದು ಎಂದು ಕರೆದು, ಅದನ್ನು ಜೊತೆಗೂಡಿದ ಕಾರಣಗಳಲ್ಲಿ ಸೇರಿಸಿತು. ಮುಂದೆ 1989ರಲ್ಲಿ ನ್ಯಾಯಾಲಯದ ಪಂಚರು ಹೊಣೆಯನ್ನು ಸರ್ಕಾರಕ್ಕೂ ಪೈಪರ್ ನಡೆಸಿದವನಿಗೂ ಸಮನಾಗಿ ಹಂಚಿದರು. ಮೆಕ್ಸಿಕೋದವರ ಮೇಲೆ ತಪ್ಪಿಲ್ಲವೆಂದರು. ಆ ತರುಣನಿಗೆ ನಾವು ಹೇಳಿದ್ದೂ ಇದನ್ನೇ: ಮನಸ್ಸಿನಲ್ಲಿ ಕೇಡಿರಲಿಲ್ಲ, ಅವನನ್ನು ಕೊಲೆಗಾರನೆಂದು ಕರೆಯಬೇಡ, ಆದರೆ ಅರ್ಧದ ಹೊಣೆ ಅವನದೇ, ಅದನ್ನು ಒರೆಸಿಹಾಕಲೂ ಬೇಡ.

ಆ ಬಳಿಕ ಅಮೆರಿಕೆಯವರು ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಹಾರುವ ವಿಮಾನಗಳಿಗೆ, ಕೆಲವನ್ನು ಬಿಟ್ಟು, ಎತ್ತರ ತಿಳಿಸುವ ಯಂತ್ರವನ್ನು ಕಡ್ಡಾಯ ಮಾಡಿದರು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಎದುರಿನ ವಿಮಾನವನ್ನು ಅರಿತು ಏರು, ಇಳಿ ಎಂದು ಕೂಗಿ ಹೇಳುವ ಉಪಕರಣ ಇರಲೇಬೇಕೆಂದು 1987ರಲ್ಲಿ ಶಾಸನ ಮಾಡಿದರು.

ನಮ್ಮ ದೇಶದ ಮಾತೇನು? ಸೆರಿಟೋಸ್ ನಡೆದು ಹತ್ತು ವರ್ಷಗಳಾದ ಮೇಲೆ, 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೂ ಇಳಿಯುತ್ತಿದ್ದ ಕಜಾಕ್ ವಿಮಾನಕ್ಕೂ ಡಿಕ್ಕಿಯಾಗಿ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಕಜಾಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ನಿಲ್ಲದೆ ಇಳಿಯಿತು. ದೆಹಲಿಯಲ್ಲಿ ಆಗ ಬಳಕೆಯಲ್ಲಿದ್ದ ರಾಡಾರು ವಿಮಾನ ಎಲ್ಲಿದೆಯೆಂದು ತೋರಿಸುತ್ತಿತ್ತೇ ಹೊರತು, ಎಷ್ಟು ಎತ್ತರದಲ್ಲಿದೆಯೆಂದು ತೋರಿಸುತ್ತಿರಲಿಲ್ಲ. ಎದುರಿನ ವಿಮಾನವನ್ನು ಅರಿಯುವ ಉಪಕರಣವನ್ನು ನಮ್ಮ ಸರ್ಕಾರ ಕಡ್ಡಾಯ ಮಾಡಿದ್ದು ಆ ಸಂಜೆ ಕಳೆದ ಮೇಲೆ.