ಬಿಜಾಪುರಕ್ಕೆ ಹೋಗುವ ಮುನ್ನ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭಾಂಗಣದಲ್ಲಿ ಕುಳಿತವರಲ್ಲಿ ಅನೇಕರನ್ನು "ನಿಮ್ಮ ಮೂಲ ಊರು ಯಾವುದು?" ಎಂದು ಕೇಳಿದರೆ "ಹಿಂದೆ ನಾವು ಬಿಜಾಪುರದವರು" ಎಂಬ ಉತ್ತರ ಬರುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ನಮ್ಮ ಹಿರಿಯರು ಎರಡು ಎತ್ತು, ಒಂದು ಬಂಡಿ ಹೊಡೆದುಕೊಂಡು ದಾವಣಗೆರೆ ಕಡೆಗೆ ಬಂದರಂತೆ. ನನ್ನ ದಾದಾ ಈ ಕಥೆಯನ್ನು ಹೇಳಿ ಮುಗಿಸುವಾಗ ತಪ್ಪದೇ ಒಂದು ಮಾತು ಸೇರಿಸುತ್ತಿದ್ದರು: "ನಾವು ಸಾಮಾನ್ಯ ಊರಿನವರಲ್ಲ, ರಾಜಧಾನಿಯವರು." ಆದರೆ ಆ ರಾಜಧಾನಿಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಈ ಸಲದ ಚಳಿಗಾಲದ ರಜೆಯಲ್ಲಿ ಕೆಲವು ಕುಟುಂಬಗಳು ಬಿಜಾಪುರಕ್ಕೆ ಹೊರಡಲಿವೆ ಎಂದು ಕಾರ್ಯದರ್ಶಿಗಳು ತಿಳಿಸಿ, ಹೋಗುವವರಿಗೆ ನಾಲ್ಕು ಮಾತು ಹೇಳಿ ಎಂದರು. ನಾನು ಇತಿಹಾಸದ ಪಂಡಿತನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಾಲಾ ಶಿಕ್ಷಕ. ಹೋಗಿ ಬಂದು, ತಪ್ಪು ಮಾಡಿ, ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. 2012ರ ಡಿಸೆಂಬರ್‌ನಲ್ಲಿ, ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ಅಬ್ಬಾ ಅವರನ್ನು ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಅಬ್ಬಾ ಅವರಿಗೆ ಇದ್ದದ್ದು ಒಂದೇ ಆಸೆ, ನಮ್ಮ ಹಿರಿಯರ ಮನೆ ಇದ್ದ ಜಾಗ ನೋಡಬೇಕು. "ಕೋಟೆಯ ಒಳಗೆ, ಬಾವಿಯ ಹತ್ತಿರ" ಎಂದು ದಾದಾ ಹೇಳಿದ್ದೇ ನಮಗಿದ್ದ ವಿಳಾಸ. ಆ ಊರಿನ ಕೋಟೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್, ಬಾವಿಗಳಿಗೆ ಲೆಕ್ಕವಿಲ್ಲ. ಮಧ್ಯಾಹ್ನದವರೆಗೆ ಅಲೆದು ಒಂದು ಚಹಾದಂಗಡಿಯಲ್ಲಿ ಕುಳಿತೆವು. ಅಲ್ಲಿದ್ದ ಅಜ್ಜರೊಬ್ಬರು ನಮ್ಮ ಕಥೆ ಕೇಳಿ ಹೇಳಿದರು: "ಬರಗಾಲದಾಗ ಹ್ವಾದವ್ರು ಭಾಳ ಮಂದಿ ಅದಾರ್ರಿ. ಮನಿ ಹುಡುಕಿದ್ರ ಸಿಗೂದಿಲ್ರಿ. ಊರು ನೋಡ್ರಿ, ಊರು ನಿಮ್ದ ಐತಿ."

ಆಮೇಲೆ ಗೋಳಗುಮ್ಮಟಕ್ಕೆ ಹೋದೆವು. ದಕ್ಷಿಣದ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಬರಹವಿದೆ. ಅಬ್ಬಾ ಹೆಚ್ಚು ಓದಿದವರಲ್ಲ. ಮಗ ಉರ್ದು ಮಾಸ್ತರ ಎಂಬ ಹೆಮ್ಮೆಯಿಂದ, "ಏನು ಬರೆದಿದ್ದಾರೆ, ಓದು ಬೇಟಾ" ಎಂದರು. ನಾನು ಕತ್ತೆತ್ತಿ ನೋಡಿದೆ. ಅಕ್ಷರಗಳು ಪರಿಚಯದವೇ. ಆದರೆ ಒಂದರೊಳಗೊಂದು ಹೆಣೆದುಕೊಂಡಿದ್ದ ಅವು ನನಗೆ ಪದಗಳಾಗಲಿಲ್ಲ. ಭಾಷೆ ಫಾರಸಿ ಎಂಬುದಷ್ಟೇ ತಿಳಿಯಿತು. "ಇರಲಿ ಬಿಡು" ಎಂದು ಅಬ್ಬಾ ಮುಂದೆ ನಡೆದರು. ಮನೆ ಸಿಗದ್ದಕ್ಕಿಂತ ಆ "ಇರಲಿ ಬಿಡು" ನನಗೆ ಹೆಚ್ಚು ನೋವು ಕೊಟ್ಟಿತು. 2015ರಲ್ಲಿ ಅಬ್ಬಾ ತೀರಿಕೊಂಡರು. ಆ ಬರಹವನ್ನು ನಾನು ಅರ್ಥ ಮಾಡಿಕೊಂಡದ್ದು ಅದಕ್ಕೂ ನಂತರ. ನಿಮ್ಮಲ್ಲಿ ಯಾರಿಗೂ ಹೀಗಾಗಬಾರದೆಂದೇ ಈ ಮಾತುಗಳು.

ಈಗ ಪ್ರಯಾಣದ ವಿಚಾರ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ದೇವನಹಳ್ಳಿ ಹತ್ತಿರ ಇದೇ ಹೆಸರಿನ ಇನ್ನೊಂದು ಊರಿದೆ. ಬಸ್ಸಿನ ಟಿಕೆಟ್ ಕಾದಿರಿಸುವಾಗ ಎಚ್ಚರವಿರಲಿ. ನಮ್ಮ ಕಡೆಯಿಂದ ರೈಲೇ ಅನುಕೂಲ. ಹುಬ್ಬಳ್ಳಿ, ಗದಗ, ಬಾಗಲಕೋಟೆ ಮೇಲೆ ಹೋಗುವ ರೈಲು ಆಲಮಟ್ಟಿಯ ಹತ್ತಿರ ಕೃಷ್ಣಾ ನದಿಯನ್ನು ದಾಟುತ್ತದೆ. ಮಕ್ಕಳನ್ನು ಎಬ್ಬಿಸಿ ಆ ನದಿಯನ್ನು ತೋರಿಸಿ. ನಿಲ್ದಾಣದಿಂದ ಗೋಳಗುಮ್ಮಟ ದೂರವಿಲ್ಲ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆ ರಜೆಯಲ್ಲಿ ಹೋಗಬೇಡಿ. ಅಲ್ಲಿನ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ವಯಸ್ಸಾದವರು ತಡೆಯಲಾರರು. ಜನವರಿಯಲ್ಲಿ ಸಂಕ್ರಾಂತಿಯ ವೇಳೆಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ನೋಡುವಂಥ ಜಾತ್ರೆ. ಆದರೆ ಆ ದಿನಗಳಲ್ಲಿ ವಸತಿಗೃಹಗಳು ತುಂಬಿರುತ್ತವೆ, ಮೊದಲೇ ಕೋಣೆ ಗೊತ್ತು ಮಾಡಿಕೊಳ್ಳಿ. ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಆಟೋದವರೊಂದಿಗೆ ಎಲ್ಲೆಲ್ಲಿಗೆ, ಎಷ್ಟು ಹೊತ್ತು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಊಟಕ್ಕೆ ಚಿಂತೆಯಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುತ್ತವೆ. ಬರಗಾಲದಲ್ಲಿ ನಮ್ಮ ಹಿರಿಯರು ಕಳೆದುಕೊಂಡು ಬಂದದ್ದು ಇದೇ ರೊಟ್ಟಿಯನ್ನು ಎಂದು ಮಕ್ಕಳಿಗೆ ಹೇಳಿ.

ಮೊದಲ ದಿನ ಬೆಳಗಿನ ಹೊತ್ತೇ ಗೋಳಗುಮ್ಮಟಕ್ಕೆ ಹೋಗಿ. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾನ ಗೋರಿ. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಅಷ್ಟೂ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಮೂಲೆಯ ಗೋಪುರದ ಮೆಟ್ಟಿಲುಗಳು ಕಡಿದಾಗಿವೆ, ಇಕ್ಕಟ್ಟಾಗಿವೆ. ಮಂಡಿನೋವಿದ್ದವರು ಕೆಳಗೇ ಕುಳಿತಿರುವುದು ಮೇಲು. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಶಾಲಾ ಪ್ರವಾಸದ ಮಕ್ಕಳು ಬಂದು ಕಿರುಚಲು ಶುರು ಮಾಡಿದರೆ ಏನೂ ಕೇಳಿಸುವುದಿಲ್ಲ. ದಯವಿಟ್ಟು ನಮ್ಮ ಮಕ್ಕಳು ಆ ಕಿರುಚುವವರ ಗುಂಪಿನಲ್ಲಿರಬಾರದು. ಕೆಳಗಿರುವುದು ಗೋರಿಗಳು.

ಬಾಗಿಲ ಮೇಲಿನ ಬರಹಕ್ಕೆ ಬರುತ್ತೇನೆ. ವಿದ್ಯಾರ್ಥಿಗಳೇ, ನಮ್ಮ ಲಿಪಿಯ ಅಕ್ಷರಗಳಿಗೆ ಸಂಖ್ಯೆಯ ಬೆಲೆಯೂ ಇದೆ. ಇದಕ್ಕೆ ಅಬ್ಜದ್ ಎನ್ನುತ್ತಾರೆ. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು, ದಾಲ್ ನಾಲ್ಕು, ಹೀಗೆ ಸಾವಿರದವರೆಗೆ. ಉದಾಹರಣೆಗೆ, ಮುಹಮ್ಮದ್ ಎಂಬ ಹೆಸರಿನಲ್ಲಿ ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4. ಕೂಡಿದರೆ 92. ಗೋಳಗುಮ್ಮಟದ ಆ ಕಲ್ಲಿನಲ್ಲಿ ಮೂರು ಚಿಕ್ಕ ವಾಕ್ಯಗಳಿವೆ. ಮೂರೂ ಸುಲ್ತಾನನ ಮರಣವನ್ನು ಕುರಿತವು. ಪ್ರತಿಯೊಂದರ ಅಕ್ಷರಗಳ ಬೆಲೆ ಕೂಡಿಸಿದರೂ ಒಂದೇ ಮೊತ್ತ ಬರುತ್ತದೆ, 1067. ಅದು ಹಿಜರಿ ವರ್ಷ. ಕ್ರಿಸ್ತಶಕದ ಲೆಕ್ಕದಲ್ಲಿ 1656ರ ಕೊನೆಗೆ ಆರಂಭವಾದ ವರ್ಷ. ಒಂದೇ ಕಲ್ಲಿನಲ್ಲಿ ಭಾಷೆ, ಗಣಿತ, ಇತಿಹಾಸ ಮೂರೂ ಇವೆ. ನಾನು ಅಂದು ಅದರ ಕೆಳಗೆ ನಿಂತು ತಲೆ ತಗ್ಗಿಸಿದ್ದೆ. ನೀವು ಹೋಗುವ ಮೊದಲು ಒಂದು ವಾರ ದಿನಕ್ಕೆ ಅರ್ಧ ಗಂಟೆ ಕೊಡಿ, ಅಬ್ಜದ್ ಕಲಿಸಿಕೊಡಲು ನಾನು ಸಿದ್ಧನಿದ್ದೇನೆ. ಕನ್ನಡ ಮಾಧ್ಯಮದ ಮಕ್ಕಳೂ ಬರಬಹುದು. ಇಪ್ಪತ್ತೆಂಟು ಅಕ್ಷರ ಕಲಿಯುವುದು ನಿಮಗೆ ದೊಡ್ಡ ಮಾತಲ್ಲ.

ಎರಡನೆಯ ದಿನ ಊರ ಪಶ್ಚಿಮಕ್ಕೆ ಹೋಗಿ ಇಬ್ರಾಹಿಂ ರೋಜಾ ನೋಡಿ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾ ಇಲ್ಲಿದ್ದಾನೆ. ಇಲ್ಲಿನ ಕಿಟಕಿಗಳ ಕಲ್ಲಿನ ಜಾಲರಿಯೇ ಅರಬ್ಬಿ ಅಕ್ಷರಗಳಿಂದಾಗಿದೆ. ಅಕ್ಷರದ ಸಂದಿನಿಂದ ಬೆಳಕು ಒಳಗೆ ಬರುತ್ತದೆ. ಸುಲ್ತಾನನ ಹೆಸರಿನ ಜೊತೆಗೆ, ಈ ಕೆಲಸವನ್ನು ಪೂರೈಸಿದ ಮಲಿಕ್ ಸಂದಲ್‌ನ ಹೆಸರೂ ಇಲ್ಲಿನ ಶಾಸನದಲ್ಲಿದೆ. ದುಡಿದವನ ಹೆಸರನ್ನು ಕಲ್ಲಿನ ಮೇಲೆ ಉಳಿಸಿದ ಊರು ಅದು. ಈ ಇಬ್ರಾಹಿಂನೇ ದಖನಿಯಲ್ಲಿ ಕಿತಾಬೆ ನೌರಸ್ ಎಂಬ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಗುಲಬರ್ಗಾದ ಬಂದೇ ನವಾಜರ ಸ್ಮರಣೆಯೂ ಇದೆ. ಮನೆಯಲ್ಲಿ ನಾವಾಡುವ ಮಾತನ್ನು "ಇದು ಶುದ್ಧ ಉರ್ದು ಅಲ್ಲ" ಎಂದು ನಾಚಿಕೊಳ್ಳುತ್ತೇವಲ್ಲ, ಅದೇ ದಖನಿಯಲ್ಲಿ ಒಬ್ಬ ಸುಲ್ತಾನ ಹಾಡು ಕಟ್ಟಿದ, ನುಸ್ರತಿಯಂಥ ಕವಿ ದೊಡ್ಡ ಕಾವ್ಯಗಳನ್ನು ಬರೆದ.

ಅಲ್ಲಿಂದ ಬರುವಾಗ ಕೋಟೆಗೋಡೆಯ ಮೇಲಿರುವ ಮಲಿಕ್ ಎ ಮೈದಾನ್ ತೋಪನ್ನು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಆಮೇಲೆ ಆ ಹರಾಜು ರದ್ದಾಗಿ ತೋಪು ಉಳಿಯಿತು. ಬೆಲೆ ಗೊತ್ತಿಲ್ಲದ ಕೈಗೆ ಸಿಕ್ಕರೆ ಆಸ್ತಿಯ ಗತಿ ಹೀಗೆ. ಜಾಮಿಯಾ ಮಸೀದಿಗೆ ಹೋಗುವವರು ಶುಕ್ರವಾರ ಮಧ್ಯಾಹ್ನ ನಮಾಜಿಗಲ್ಲದೆ ನೋಡಲೆಂದೇ ಹೋಗಬೇಡಿ. ಅದು ಇಂದಿಗೂ ನಮಾಜು ನಡೆಯುವ ಸ್ಥಳ. ಕ್ಯಾಮೆರಾ ಹಿಡಿದು ಸಾಲಿನ ಮುಂದೆ ಓಡಾಡುವುದು ಸಲ್ಲದು.

ಒಂದು ಸ್ಥಳವನ್ನು ಮಾತ್ರ ಬಿಡಲೇಬೇಡಿ, ತಾಜ್ ಬಾವಡಿ. ಬಿಜಾಪುರದಲ್ಲಿ ಮಳೆ ಕಡಿಮೆ. ಅಷ್ಟು ದೊಡ್ಡ ರಾಜಧಾನಿ ಕುಡಿಯಲು ನೀರೆಲ್ಲಿಂದ ತಂದಿತು? ಪಶ್ಚಿಮದ ತೊರವಿಯಿಂದ ನೆಲದೊಳಗಿನ ಕಾಲುವೆ ತೋಡಿದರು. ದಕ್ಷಿಣಕ್ಕೆ 1651ರಲ್ಲಿ ಬೇಗಂ ತಾಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ನೀರಿನ ರಭಸ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಇವತ್ತಿಗೂ ಕೆಲವು ಗಂಜ್‌ಗಳು ಮನೆಗಳ ನಡುವೆ ನಿಂತಿವೆ. ಗುಮ್ಮಟ ಕಟ್ಟಿಸಿದ್ದು ಸುಲ್ತಾನರು ನಿಜ. ಆದರೆ ಕಾಲುವೆ ತೋಡಿದವರು, ಕಲ್ಲು ಒಡೆದವರು, ಕೊಳವೆ ಸುಟ್ಟವರು ನಮ್ಮ ನಿಮ್ಮಂಥ ಮನೆಗಳವರು. "ನಾವು ಸುಲ್ತಾನರ ಸಂತತಿ" ಎಂದು ಹೇಳಿಕೊಳ್ಳುವ ಅಗತ್ಯ ನಮಗಿಲ್ಲ. ಬಾವಡಿಯ ಮೆಟ್ಟಿಲ ಮೇಲೆ ಕುಳಿತರೆ ನಮ್ಮ ನಿಜವಾದ ಹಿರಿಯರು ಯಾರಿರಬಹುದೆಂದು ಅರ್ಥವಾಗುತ್ತದೆ.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಗಿಸಲಾರೆ. 2019ರಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನನ್ನದೇ ತರಗತಿಯ ಹುಡುಗನೊಬ್ಬ ಗಾರೆಯ ಗೋಡೆಯ ಮೇಲೆ ಕಲ್ಲಿನಿಂದ ತನ್ನ ಹೆಸರು ಗೀಚಿದ. ಕಾವಲುಗಾರರು ನನ್ನನ್ನು ಕರೆದು ತೋರಿಸಿದರು. ಬೈಯಲಿಲ್ಲ. "ಮಾಸ್ತರ್ರ, ಮುನ್ನೂರು ವರ್ಷ ಯಾರೂ ಕೆಡಿಸಿರಲಿಲ್ರಿ ಈ ಜಾಗಾನ" ಎಂದರಷ್ಟೇ. ಅಂದು ರಾತ್ರಿ ಹುಡುಗ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ತಪ್ಪು ಅವನೊಬ್ಬನದಲ್ಲ. ಆ ಗೋಡೆ ನಿನ್ನದು ಎಂದು ನಾನು ಅವನಿಗೆ ಮೊದಲೇ ಹೇಳಿಕೊಟ್ಟಿರಲಿಲ್ಲ.

ಕೊನೆಯ ಮಾತು. ಅಸರ್ ಮಹಲಿನಲ್ಲಿ ಒಂದು ಕಾಲಕ್ಕೆ ಅರಬ್ಬಿ, ಫಾರಸಿ ಹಸ್ತಪ್ರತಿಗಳ ಭಂಡಾರವಿತ್ತು. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಶರಣಾಗಿ ಆದಿಲ್ ಶಾಹಿ ಆಳ್ವಿಕೆ ಕೊನೆಗೊಂಡಿತು. ಅದರ ನಂತರವೂ ಉಳಿದಿದ್ದ ಪುಸ್ತಕಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಂಡನ್ ಸೇರಿದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಅವು ಭದ್ರವಾಗಿವೆ, ವಿದ್ವಾಂಸರು ಓದುತ್ತಿದ್ದಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನಮ್ಮಲ್ಲಿ ಎಷ್ಟು ಜನ ಅವನ್ನು ಓದಬಲ್ಲೆವು ಎಂಬುದೇ ನನ್ನ ಪ್ರಶ್ನೆ. ಕಟ್ಟಡಗಳು ನಮ್ಮ ನಾಡಿನಲ್ಲಿ ಉಳಿದಿವೆ. ಅವುಗಳನ್ನು ಓದುವ ವಿದ್ಯೆ ನಮ್ಮ ಮನೆಗಳಲ್ಲಿ ಉಳಿದಿದೆಯೇ?

ಆದ್ದರಿಂದ ಬಿಜಾಪುರಕ್ಕೆ ಹೋಗುವವರು ಚೀಲದಲ್ಲಿ ಟೋಪಿ, ನೀರಿನ ಬಾಟಲಿಯ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಹೊರಡುವ ಮುನ್ನ ಮನೆಯ ದಾದಾ, ದಾದಿ, ನಾನಾ, ನಾನಿಯವರನ್ನು ಕೂರಿಸಿಕೊಂಡು ಅವರಿಗೆ ನೆನಪಿರುವುದನ್ನೆಲ್ಲ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಬರೆದುಕೊಳ್ಳದ್ದರಿಂದ ಮನೆಯ ಜಾಗವೇ ಕಳೆದುಹೋಯಿತು. ಸಾಧ್ಯವಿದ್ದರೆ ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಿ, ಮುಂದಿನ ವರ್ಷ ನೋಡೋಣ ಎನ್ನಬೇಡಿ. ಗೋಳಗುಮ್ಮಟದ ಬಾಗಿಲಲ್ಲಿ ಅವರು "ಏನು ಬರೆದಿದೆ, ಓದು" ಎಂದು ಕೇಳಿದಾಗ ನೀವು ಓದಿ ಹೇಳುವಂತಾಗಲಿ.